ಪಂಚ್ ಕಾರ್ಡಿನಿಂದ ಕನ್ನಡದ ನುಡಿಯವರೆಗೆ

ಪೆರಂಬೂರು ಎಂದೊಡನೆ ಯಾರಿಗಾದರೂ ಮೊದಲು ನೆನಪಾಗುವುದು ರೈಲು. ಗಣಕ ವಿಜ್ಞಾನವಾಗಲಿ ಅದರ ಸಂಶೋಧನೆಯಾಗಲಿ ಯಾರ ನೆನಪಿಗೂ ಬಾರದು. ಅಂತಹ ವಿಷಯವನ್ನು ಬೆಂಗಳೂರಿನವರು ಬರೆಯಲಿ, ಪೆರಂಬೂರಿನವರಿಗೇಕೆ ಎಂದು ವಾಚಕರು ಕೇಳಬಹುದು. ಆದರೆ ಗಣಕಯಂತ್ರದ ಚರಿತ್ರೆಯನ್ನು ಹಿಂದಕ್ಕೆ ಬಿಡಿಸುತ್ತಾ ಹೋದರೆ ದಾರದ ಒಂದು ತುದಿ ರೈಲು ಡಬ್ಬಿಯೊಳಗೇ ಸಿಕ್ಕುತ್ತದೆ. ಇನ್ನೊಂದು ತುದಿ ಇದೇ ಚೆನ್ನೈ ನಗರದಲ್ಲಿ, ಅದೂ ಕನ್ನಡವನ್ನು ಸುತ್ತಿಕೊಂಡು, ನಿಂತಿದೆ. ಈ ಎರಡು ತುದಿಗಳ ನಡುವೆ ಐ.ಬಿ.ಎಂ. ಎಂಬ ಒಂದು ದೊಡ್ಡ ಕಂಪನಿಯ ಸಂಶೋಧನಾಲಯಗಳ ಕಥೆಯಿದೆ. ಅದನ್ನು ನಮಗೆ ತಿಳಿದಷ್ಟು ಹೇಳುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಊರಿನ ಮಾತು. ಪೆರಂಬೂರಿನ ರೈಲ್ವೆ ಕಾರ್ಖಾನೆ 1856ರಷ್ಟು ಹಳೆಯದು. ದಕ್ಷಿಣ ಭಾರತದ ಮೊದಲ ರೈಲು ರಾಯಪುರದಿಂದ ಹೊರಟದ್ದೂ ಅದೇ ವರ್ಷ. ಅತ್ತ ನಮ್ಮ ಧಾರವಾಡದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಛೇರಿ ಇತ್ತು. 1908ರಲ್ಲಿ ಆ ಕಂಪನಿಯೂ ಮದ್ರಾಸ್ ರೈಲ್ವೆಯೂ ಕೂಡಿ ಎಂ. ಅಂಡ್ ಎಸ್.ಎಂ. ರೈಲ್ವೆಯಾಯಿತು, ಅಧಿಕಾರದ ಕೇಂದ್ರ ಮದ್ರಾಸಿಗೆ ಬಂತು. ಧಾರವಾಡದಲ್ಲಿ ತೆರವಾದ ಆ ಭವ್ಯ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜಾಯಿತು. 1951ರ ಏಪ್ರಿಲ್ 14ರಂದು ಎಂ. ಅಂಡ್ ಎಸ್.ಎಂ., ಸೌತ್ ಇಂಡಿಯನ್ ಮತ್ತು ಮೈಸೂರು ರೈಲ್ವೆಗಳು ಮೂರೂ ಸೇರಿ ದಕ್ಷಿಣ ರೈಲ್ವೆ ಹುಟ್ಟಿತು. ಹೀಗೆ ಹುಬ್ಬಳ್ಳಿ ಧಾರವಾಡದ ಕನ್ನಡವೂ ಮೈಸೂರು ಬೆಂಗಳೂರಿನ ಕನ್ನಡವೂ ಮದ್ರಾಸಿನ ಒಂದೇ ಆಡಳಿತದ ಕೆಳಗೆ ಬಂದವು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನೈಋತ್ಯ ರೈಲ್ವೆ ಆರಂಭವಾಗುವ ತನಕ ಮೈಸೂರು ಬೆಂಗಳೂರು ಕಡೆಯ ನಮ್ಮವರ ಸೇವಾ ಪುಸ್ತಕಗಳು ಸಾಗಿದ್ದು ಈ ಊರಿನ ದಾರಿಯಲ್ಲೇ. 1955ರ ಅಕ್ಟೋಬರ್ 2ರಂದು ಪ್ರಧಾನಿ ನೆಹರೂ ಅವರು ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯನ್ನು ಉದ್ಘಾಟಿಸಿದರು. ಎಲ್ಲರ ಬಾಯಲ್ಲೂ ಅದು ಐ.ಸಿ.ಎಫ್.

ಇನ್ನು ದಾರದ ಮೊದಲ ತುದಿ. ಅಮೆರಿಕದಲ್ಲಿ ಹರ್ಮನ್ ಹೊಲೆರಿತ್ ಎಂಬ ಯುವಕ ಜನಗಣತಿಯ ಲೆಕ್ಕವನ್ನು ಯಂತ್ರದಿಂದ ಮಾಡಿಸುವ ಉಪಾಯ ಹುಡುಕುತ್ತಿದ್ದ. ರೈಲಿನಲ್ಲಿ ಪ್ರಯಾಣ ಮಾಡುವಾಗ ಟಿಕೆಟ್ ತಪಾಸಣೆಯವನು ಒಂದು ಕೆಲಸ ಮಾಡುವುದನ್ನು ಆತ ಕಂಡಿದ್ದ. ಒಬ್ಬರ ಟಿಕೆಟನ್ನು ಇನ್ನೊಬ್ಬರು ಉಪಯೋಗಿಸಬಾರದೆಂದು ತಪಾಸಣೆಯವನು ಪ್ರಯಾಣಿಕನ ಕೂದಲಿನ ಬಣ್ಣ, ಕಣ್ಣಿನ ಬಣ್ಣ, ಮೂಗಿನ ಆಕಾರ ಇವುಗಳಿಗೆ ತಕ್ಕಂತೆ ಟಿಕೆಟಿನ ಅಂಚಿನಲ್ಲಿ ತೂತು ಹಾಕುತ್ತಿದ್ದ. ಒಬ್ಬ ಮನುಷ್ಯನ ವಿವರವನ್ನು ತೂತುಗಳಲ್ಲಿ ಬರೆಯಬಹುದಾದರೆ ಒಂದು ದೇಶದ ಜನರ ವಿವರವನ್ನೇಕೆ ಬರೆಯಬಾರದು? ಹೊಲೆರಿತ್ ಯಂತ್ರಗಳು 1890ರ ಅಮೆರಿಕನ್ ಜನಗಣತಿಯನ್ನು ಎಣಿಸಿದವು. ಅದೇ ದಶಕದಲ್ಲಿ ನ್ಯೂಯಾರ್ಕ್ ಸೆಂಟ್ರಲ್ ಎಂಬ ರೈಲ್ವೆ ತನ್ನ ಸರಕಿನ ಲೆಕ್ಕಕ್ಕೆ ಅವನ್ನು ತರಿಸಿತು. ಹೊಲೆರಿತ್ ಕಂಪನಿ 1911ರಲ್ಲಿ ಬೇರೆ ಕಂಪನಿಗಳೊಡನೆ ಕೂಡಿಕೊಂಡು, 1924ರಲ್ಲಿ ಇಂಟರ್ ನ್ಯಾಷನಲ್ ಬಿಸಿನೆಸ್ ಮೆಷಿನ್ಸ್, ಅಂದರೆ ಐ.ಬಿ.ಎಂ. ಎಂಬ ಹೆಸರು ಪಡೆಯಿತು. ರೈಲು ಟಿಕೆಟಿನ ತೂತಿನಿಂದ ಹುಟ್ಟಿದ ವಿದ್ಯೆ ಮತ್ತೆ ರೈಲ್ವೆಗೇ ಬಂದು ಸೇರಿದ್ದು ಹೀಗೆ.

ನಮ್ಮ ದೇಶದ ರೈಲ್ವೆಗಳಿಗೂ ಅದು ಬಂತು. 1960ರ ದಶಕದಲ್ಲಿ ವಲಯ ರೈಲ್ವೆಗಳಿಗೂ ಉತ್ಪಾದನಾ ಕಾರ್ಖಾನೆಗಳಿಗೂ ಐ.ಬಿ.ಎಂ. 1401 ಎಂಬ ಗಣಕಯಂತ್ರಗಳು ಬಂದವು. ಈ ಯಂತ್ರವನ್ನು ಕಂಪನಿ ಪ್ರಕಟಿಸಿದ್ದು 1959ರಲ್ಲಿ. ಲೋಕದಲ್ಲೆಲ್ಲ ಹತ್ತು ಸಾವಿರಕ್ಕೂ ಹೆಚ್ಚು ಯಂತ್ರಗಳು ನೆಲೆಗೊಂಡವು. ಅದರ ಜ್ಞಾಪಕಶಕ್ತಿ ಎಷ್ಟೆಂದು ಕೇಳಿದರೆ ಇಂದಿನ ಹುಡುಗರು ನಗುತ್ತಾರೆ: ಕನಿಷ್ಠ 1,400 ಅಕ್ಷರ, ಗರಿಷ್ಠ 16,000 ಅಕ್ಷರ. ಈ ಲೇಖನವನ್ನೇ ಪೂರ್ತಿಯಾಗಿ ಅದರೊಳಗೆ ಇಡಲು ಸ್ಥಳ ಸಾಲದು. ಆದರೂ ಅದರ ಜೊತೆಯ ಉಪಕರಣ ನಿಮಿಷಕ್ಕೆ 800 ಕಾರ್ಡು ಓದುತ್ತಿತ್ತು. ಮುದ್ರಣಯಂತ್ರ ನಿಮಿಷಕ್ಕೆ 600 ಸಾಲು ಹೊಡೆಯುತ್ತಿತ್ತು. ಸಂಬಳದ ಬಿಲ್ಲು, ಉಗ್ರಾಣದ ದಾಸ್ತಾನು, ಸರಕು ಸಾಗಾಣಿಕೆಯ ಲೆಕ್ಕ ಇವೆಲ್ಲ ಅದರ ಪಾಲಿಗೆ ಬಂದವು.

ಒಂದು ಕಾರ್ಡಿನಲ್ಲಿ 80 ಕಲಂ. ಒಂದು ಕಲಂಗೆ ಒಂದು ಅಕ್ಷರ. ಆ ಅಕ್ಷರ ಇಂಗ್ಲಿಷಿನ ದೊಡ್ಡಕ್ಷರವೇ ಆಗಬೇಕು, ಇಲ್ಲವೇ ಅಂಕಿಯಾಗಬೇಕು, ಇಲ್ಲವೇ ಕೆಲವು ಚಿಹ್ನೆಗಳಾಗಬೇಕು. ಮುದ್ರಣದ ಸರಪಳಿಯಲ್ಲಿ ಇದ್ದದ್ದು ಒಟ್ಟು 48 ಅಚ್ಚು ಮಾತ್ರ. ನಮ್ಮ ಹಿರಿಯರೊಬ್ಬರ ಹೆಸರು ಶಾಮಣ್ಣ ಎಂದಿಟ್ಟುಕೊಳ್ಳೋಣ. ಆ ಯಂತ್ರಕ್ಕೆ 'ನ'ಕಾರ 'ಣ'ಕಾರಗಳ ಭೇದವಿಲ್ಲ, 'ಲ'ಕಾರ 'ಳ'ಕಾರಗಳ ಭೇದವಿಲ್ಲ, ಹ್ರಸ್ವ ದೀರ್ಘಗಳ ಗೊಡವೆಯಿಲ್ಲ. ಸಂಬಳ ಮಾತ್ರ ಪೈಸೆಯೂ ತಪ್ಪದೆ ಬರುತ್ತಿತ್ತು. ಯಂತ್ರವು ನಮ್ಮನ್ನು ಎಣಿಸಲು ಕಲಿತಿತ್ತೇ ಹೊರತು ನಮ್ಮನ್ನು ಕರೆಯಲು ಕಲಿತಿರಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಗುಮಾಸ್ತರಾಗಿರುವ ನಾವು ಇನ್ನೊಂದು ಸಂಗತಿಯನ್ನು ಮುಚ್ಚಿಡಲಾರೆವು. ಗಣಕಯಂತ್ರ ಬಂದಾಗ ಕಛೇರಿಗಳಲ್ಲಿ ಅದನ್ನು ಆರತಿ ಎತ್ತಿ ಬರಮಾಡಿಕೊಂಡವರು ಕಡಿಮೆ. 'ನೂರು ಜನರ ಕೆಲಸವನ್ನು ಒಂದು ಪೆಟ್ಟಿಗೆ ಮಾಡಿದರೆ ನೂರು ಮನೆಗಳ ಒಲೆ ಏನಾಗಬೇಕು?' ಎಂಬ ಭಯ ಎಲ್ಲೆಡೆಯೂ ಇತ್ತು. ಕಲ್ಕತ್ತೆಯಲ್ಲಿ ಜೀವವಿಮಾ ನಿಗಮದ ನೌಕರರು ಯಂತ್ರವನ್ನು ಇಲಾಕೋ ಹೌಸ್ ಎಂಬ ಕಟ್ಟಡದೊಳಗೆ ತರಬಾರದೆಂದು ಹಗಲಿರುಳು ಕಾವಲು ನಿಂತರು. ಕೊನೆಗೆ ಭಾರತ ಸರ್ಕಾರವು ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಅವರ ಅಧ್ಯಕ್ಷತೆಯಲ್ಲಿ ಯಾಂತ್ರೀಕರಣದ ಬಗ್ಗೆ ಒಂದು ಸಮಿತಿಯನ್ನೇ ನೇಮಿಸಿತು. ಅದರ ವರದಿ 1972ರಲ್ಲಿ ಬಂತು. ಆ ಹೋರಾಟಗಾರರನ್ನು ಪ್ರಗತಿವಿರೋಧಿಗಳೆಂದು ಇಂದು ಹಗುರವಾಗಿ ಆಡುವವರಿದ್ದಾರೆ. ನಮಗೆ ಹಾಗೆನಿಸುವುದಿಲ್ಲ. ಯಂತ್ರ ಯಾರದು, ಅದರ ಲಾಭ ಯಾರಿಗೆ ಎಂದು ಅವರು ಕೇಳಿದ ಪ್ರಶ್ನೆ ಇನ್ನೂ ಹಳೆಯದಾಗಿಲ್ಲ.

ಯಂತ್ರ ಮಾರುವ ಕಂಪನಿ ಸಂಶೋಧನೆಗೆ ಏಕೆ ಕೈಹಾಕಿತು? 1945ರಲ್ಲಿ ಐ.ಬಿ.ಎಂ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪಕ್ಕದಲ್ಲಿ, ವಿದ್ಯಾರ್ಥಿಗಳ ವಸತಿಯಾಗಿದ್ದ ಒಂದು ಹಳೆಯ ಮನೆಯಲ್ಲಿ, ತನ್ನ ಮೊದಲ ಶುದ್ಧ ವಿಜ್ಞಾನದ ಪ್ರಯೋಗಶಾಲೆಯನ್ನು ತೆರೆಯಿತು. ಅದರ ಮುಖ್ಯಸ್ಥ ವಾಲೇಸ್ ಎಕರ್ಟ್ ಒಬ್ಬ ಖಗೋಳ ವಿಜ್ಞಾನಿ. ಚಂದ್ರನ ಗತಿಯನ್ನು ಗುಣಿಸಲು ಪಂಚ್ ಕಾರ್ಡು ಯಂತ್ರಗಳನ್ನು ಬಳಸಿದವರು ಆತ. 1952ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಒಂದು, 1956ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿ ಒಂದು, 1961ರಲ್ಲಿ ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿ ಕಮಾನಿನಾಕಾರದ ದೊಡ್ಡ ಕಟ್ಟಡದಲ್ಲಿ ಮುಖ್ಯ ಕೇಂದ್ರ, ಹೀಗೆ ಪ್ರಯೋಗಶಾಲೆಗಳು ಬೆಳೆದವು.

ಜ್ಯೂರಿಕ್ ಎಂದೊಡನೆ ಪೆರಂಬೂರಿನವರ ಕಿವಿ ನೆಟ್ಟಗಾಗಬೇಕು. ಐ.ಸಿ.ಎಫ್. ಕಟ್ಟಿದ ಉಕ್ಕಿನ ಬೋಗಿಯ ವಿನ್ಯಾಸ ಬಂದದ್ದು ಜ್ಯೂರಿಕ್ ಪಕ್ಕದ ಶ್ಲೀರೆನ್ ಊರಿನ ಕಾರ್ಖಾನೆಯಿಂದ. 2018ರ ಜನವರಿಯಲ್ಲಿ ಆ ಮಾದರಿಯ ಕೊನೆಯ ಬೋಗಿ ಹೊರಬರುವವರೆಗೂ ದೇಶದ ಬಹುಪಾಲು ಜನ ಓಡಾಡಿದ್ದು ಆ ವಿನ್ಯಾಸದಲ್ಲೇ. ಅದೇ ನಗರದ ಇನ್ನೊಂದು ಮಗ್ಗುಲಲ್ಲಿ, ರ‍್ಯೂಶ್ಲಿಕನ್ ಎಂಬಲ್ಲಿ, ಐ.ಬಿ.ಎಂ. ವಿಜ್ಞಾನಿಗಳು ಪರಮಾಣುಗಳನ್ನು ಕಾಣುವ ಯಂತ್ರವನ್ನು ಕಟ್ಟಿದರು. ಅದನ್ನು ಮುಂದೆ ಹೇಳುತ್ತೇವೆ.

ಈ ಸಂಶೋಧನೆಯ ಕ್ಷೇತ್ರಗಳು ಹತ್ತಾರು. ಮುಖ್ಯವಾದ ಕೆಲವನ್ನು ಮಾತ್ರ ಇಲ್ಲಿ ಎತ್ತಿಕೊಳ್ಳೋಣ.

ಮೊದಲನೆಯದು ಯಂತ್ರದೊಡನೆ ಮಾತನಾಡುವ ಭಾಷೆ. ಆರಂಭದಲ್ಲಿ ಯಂತ್ರಕ್ಕೆ ಆಜ್ಞೆ ಕೊಡಬೇಕಾದರೆ ಬರೀ ಅಂಕಿಗಳ ಸಂಕೇತದಲ್ಲಿ ಕೊಡಬೇಕಾಗಿತ್ತು. ಜಾನ್ ಬ್ಯಾಕಸ್ ಮತ್ತು ಸಂಗಡಿಗರು 1957ರಲ್ಲಿ ಫೋರ್ಟ್ರಾನ್ ಎಂಬ ಭಾಷೆಯನ್ನು ಹೊರತಂದರು. ಬೀಜಗಣಿತದ ಸೂತ್ರದಂತೆ ಬರೆದರೆ ಸಾಕು, ಯಂತ್ರವೇ ಅದನ್ನು ತನ್ನ ಸಂಕೇತಕ್ಕೆ ತರ್ಜುಮೆ ಮಾಡಿಕೊಳ್ಳುತ್ತದೆ. ಅದನ್ನು ನಮ್ಮ ದೇಶದ ವಿದ್ಯಾರ್ಥಿಗಳಿಗೆ ಅಗ್ಗದ ಬೆಲೆಯ ಪುಸ್ತಕಗಳ ಮೂಲಕ ಕಲಿಸಿದವರು ಪ್ರಾಧ್ಯಾಪಕ ವಿ. ರಾಜಾರಾಮನ್. ಕಾನ್ಪುರದ ಐ.ಐ.ಟಿ.ಯಲ್ಲಿಯೂ, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಅವರು ಬೋಧಿಸಿದರು.

ಎರಡನೆಯದು ಜ್ಞಾಪಕಶಕ್ತಿ. ಸ್ಯಾನ್ ಹೋಸೆಯ ಪ್ರಯೋಗಶಾಲೆಯ ಮುಖಂಡ ರೆನಾಲ್ಡ್ ಜಾನ್ಸನ್ ಹಿಂದೆ ಶಾಲಾ ಮೇಷ್ಟರಾಗಿದ್ದವರು. ಉತ್ತರ ಪತ್ರಿಕೆಗಳನ್ನು ತಿದ್ದುವ ಯಂತ್ರವೊಂದನ್ನು ಕಂಡುಹಿಡಿದು ಕಂಪನಿಗೆ ಸೇರಿದ್ದರು. ಅವರ ತಂಡ 1956ರಲ್ಲಿ ತಯಾರಿಸಿದ ರ‍್ಯಾಮ್ಯಾಕ್ ಯಂತ್ರದಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳು ಒಂದರ ಮೇಲೊಂದು ಗಿರಗಿರನೆ ಸುತ್ತುತ್ತಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಕಾರ್ಡಿನ ಕಟ್ಟನ್ನು ಮೊದಲಿನಿಂದ ಹುಡುಕದೆ ಬೇಕಾದ ವಿವರಕ್ಕೆ ನೇರವಾಗಿ ಕೈಹಾಕಲು ಇದರಿಂದ ಸಾಧ್ಯವಾಯಿತು. 1966ರಲ್ಲಿ ಯಾರ್ಕ್‌ಟೌನಿನ ರಾಬರ್ಟ್ ಡೆನ್ನಾರ್ಡ್ ಅವರಿಗೆ ಇನ್ನೊಂದು ಉಪಾಯ ಹೊಳೆಯಿತು: ಒಂದು ಸೂಕ್ಷ್ಮ ಟ್ರಾನ್ಸಿಸ್ಟರು, ಒಂದು ಕಪಾಸಿಟರು, ಇಷ್ಟರಲ್ಲೇ ಒಂದು ಅಂಕಿಯನ್ನು ಹಿಡಿದಿಡಬಹುದು. 1968ರಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು. ಇಂದು ನಮ್ಮ ಜೇಬಿನ ಮೊಬೈಲಿನಲ್ಲಿ ಕೆಲಸ ಮಾಡುತ್ತಿರುವುದು ಆ ಉಪಾಯದ ಮಕ್ಕಳು ಮೊಮ್ಮಕ್ಕಳೇ.

ಮೂರನೆಯದು ದಾಖಲೆಗಳ ಜೋಡಣೆ. ಇದು ಗುಮಾಸ್ತರಾದ ನಮಗೆ ಬಹು ಪ್ರಿಯವಾದ ವಿಷಯ. ಎಡ್ಗರ್ ಕಾಡ್ ಎಂಬ ಆಂಗ್ಲ ಗಣಿತಜ್ಞರು, ಯುದ್ಧಕಾಲದಲ್ಲಿ ವಿಮಾನ ಚಾಲಕರಾಗಿದ್ದವರು, 1970ರಲ್ಲಿ ಸ್ಯಾನ್ ಹೋಸೆಯಿಂದ ಒಂದು ಪ್ರಬಂಧ ಪ್ರಕಟಿಸಿದರು. ಅದರ ಸಾರ ಇಷ್ಟೆ: ಎಲ್ಲ ಮಾಹಿತಿಯನ್ನೂ ಸಾಲು ಮತ್ತು ಕಲಂಗಳಿರುವ ಕೋಷ್ಟಕಗಳಲ್ಲಿ ಇಡಿ, ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ನೆಂಟಸ್ತಿಕೆ ಅವುಗಳಲ್ಲಿ ಸಮಾನವಾಗಿರುವ ಕಲಂನಿಂದಲೇ ಗೊತ್ತಾಗಲಿ, ಕಾಗದ ಯಾವ ಬೀರುವಿನಲ್ಲಿದೆ ಎಂದು ಕೇಳುವವನು ತಿಳಿದಿರಬೇಕಾಗಿಲ್ಲ. ರಿಜಿಸ್ಟರು ಬರೆದವರಿಗೆ ಇದು ಹೊಸದೆನಿಸದು. ಸಿಬ್ಬಂದಿಯ ರಿಜಿಸ್ಟರು, ರಜೆಯ ರಿಜಿಸ್ಟರು, ಮುಂಗಡದ ರಿಜಿಸ್ಟರು ಮೂರನ್ನೂ ನೌಕರನ ಸಂಖ್ಯೆಯೊಂದರಿಂದ ನಾವು ಕೂಡಿಸಿ ನೋಡುವುದಿಲ್ಲವೇ? ಆ ರೂಢಿಗೆ ಗಣಿತದ ಭದ್ರ ಬುನಾದಿ ಹಾಕಿದ್ದು ಕಾಡ್ ಅವರ ಹೆಚ್ಚುಗಾರಿಕೆ. ಇಂದು ಬ್ಯಾಂಕುಗಳೂ ಕಛೇರಿಗಳೂ ಬಳಸುವ ಎಸ್.ಕ್ಯು.ಎಲ್. ಎಂಬ ಪ್ರಶ್ನಭಾಷೆಯನ್ನು ಅದೇ ಪ್ರಯೋಗಶಾಲೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ರೂಪಿಸಿದರು.

ಇಲ್ಲೊಂದು ಪಾಠವಿದೆ. ಕಾಡ್ ಅವರ ವಿಚಾರವನ್ನು ಅವರ ಕಂಪನಿಯೇ ಬೇಗ ಕೈಗೆತ್ತಿಕೊಳ್ಳಲಿಲ್ಲ. ಹಳೆಯ ಮಾದರಿಯ ತಂತ್ರಾಂಶವೊಂದು ಆಗಲೇ ಚೆನ್ನಾಗಿ ಮಾರಾಟವಾಗುತ್ತಿತ್ತು. ಅದಕ್ಕೆ ತಾವೇ ಎದುರಾಳಿಯನ್ನು ಹುಟ್ಟಿಸಲು ಯಾರಿಗೆ ಮನಸ್ಸು ಬರುತ್ತದೆ? ಅಷ್ಟರಲ್ಲಿ ಪ್ರಕಟವಾದ ಪ್ರಬಂಧಗಳನ್ನು ಓದಿಕೊಂಡು, ಮುಂದೆ ಒರಾಕಲ್ ಎಂದು ಹೆಸರಾದ ಒಂದು ಪುಟ್ಟ ಕಂಪನಿ 1979ರಲ್ಲಿಯೇ ಮಾರುಕಟ್ಟೆಗೆ ಬಂತು. ಐ.ಬಿ.ಎಂ. ಬಂದದ್ದು 1981ರಲ್ಲಿ. ಅದೇ ವರ್ಷ ಕಾಡ್ ಅವರಿಗೆ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ಅಮೆರಿಕಕ್ಕೂ ಅನ್ವಯಿಸುತ್ತದೆ.

ನಾಲ್ಕನೆಯದು ಗೋಪ್ಯತೆ. ಹಾರ್ಸ್ಟ್ ಫೈಸ್ಟಲ್ ಮುಂತಾದವರು ಮಾಡಿದ ಗೂಢಲಿಪಿಯ ಕೆಲಸವನ್ನು ಆಧರಿಸಿ ಅಮೆರಿಕ ಸರ್ಕಾರ 1977ರಲ್ಲಿ ಒಂದು ಅಧಿಕೃತ ಮಾನಕವನ್ನು ಪ್ರಕಟಿಸಿತು. ಬ್ಯಾಂಕುಗಳ ಹಣದ ವ್ಯವಹಾರ ಬಹುಕಾಲ ಅದರ ರಕ್ಷಣೆಯಲ್ಲೇ ನಡೆಯಿತು. ಐದನೆಯದು ಯಂತ್ರದ ರಚನೆ. ಆಜ್ಞೆಗಳು ಕಡಿಮೆಯಿದ್ದು ಸರಳವಾಗಿದ್ದಷ್ಟೂ ಯಂತ್ರ ಚುರುಕಾಗುತ್ತದೆ ಎಂಬುದನ್ನು 1970ರ ದಶಕದಲ್ಲಿ ಜಾನ್ ಕಾಕ್ ತೋರಿಸಿಕೊಟ್ಟರು. ಅವರೊಡನೆ ದುಡಿದ ಫ್ರಾನ್ಸಿಸ್ ಆಲನ್ ಮುಂದೆ, 2006ನೇ ಸಾಲಿನಲ್ಲಿ, ಟ್ಯೂರಿಂಗ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು.

ಆರನೆಯದು ಶುದ್ಧ ವಿಜ್ಞಾನ. ಟೆಲಿಫೋನ್ ತಂತಿಯ ಗದ್ದಲದಲ್ಲಿ ಒಂದು ಕ್ರಮವನ್ನು ಕಂಡ ಬೆನ್ವಾ ಮ್ಯಾಂಡಲ್‌ಬ್ರಾಟ್, ಸಮುದ್ರದ ದಂಡೆ, ಮೋಡ, ಮರದ ಕೊಂಬೆ ಇವುಗಳಿಗೆಲ್ಲ ಹೊಂದುವ ಹೊಸ ಜ್ಯಾಮಿತಿಯನ್ನು ಕಟ್ಟಿ 1975ರಲ್ಲಿ ಅದಕ್ಕೆ ಫ್ರ್ಯಾಕ್ಟಲ್ ಎಂದು ಹೆಸರಿಟ್ಟರು. ರ‍್ಯೂಶ್ಲಿಕನ್ನಿನಲ್ಲಿ ಗೆರ್ಡ್ ಬಿನಿಗ್ ಮತ್ತು ಹೈನ್‌ರಿಶ್ ರೋರರ್ 1981ರಲ್ಲಿ, ಸೂಜಿಯ ಮೊನೆಯಿಂದ ಲೋಹದ ಮೇಲ್ಮೈಯನ್ನು ಸವರದೆಯೇ ಸವರಿದಂತೆ, ಒಂದೊಂದೇ ಪರಮಾಣುವನ್ನು ಗುರುತಿಸುವ ಸೂಕ್ಷ್ಮದರ್ಶಕವನ್ನು ಕಟ್ಟಿದರು. ಇಬ್ಬರಿಗೂ 1986ರ ನೊಬೆಲ್ ಬಹುಮಾನದಲ್ಲಿ ಪಾಲು ಬಂತು. ಮರುವರ್ಷ ಅದೇ ಪ್ರಯೋಗಶಾಲೆಯ ಬೆಡ್ನಾರ್ಟ್ಸ್ ಮತ್ತು ಮ್ಯೂಲರ್ ಅವರಿಗೆ ಅತಿವಾಹಕತೆಯ ಶೋಧಕ್ಕಾಗಿ ನೊಬೆಲ್ ಬಂತು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ನಮ್ಮಂಥವರಿಗೆ ಇವು ಕೇವಲ ಹೆಸರುಗಳಲ್ಲ; ಪಠ್ಯಪುಸ್ತಕದ ಕೊನೆಯ ಅಧ್ಯಾಯಗಳಲ್ಲಿ ಕಂಡು ಬೆರಗಾದವರು.

ಏಳನೆಯದೇ ನಮಗೆ ಅತ್ಯಂತ ಹತ್ತಿರದ ವಿಷಯ: ನುಡಿ. ಫ್ರೆಡರಿಕ್ ಜೆಲಿನೆಕ್ ಚೆಕೊಸ್ಲೊವಾಕಿಯಾದವರು. ಅವರ ತಂದೆ ನಾಜಿಗಳ ಸೆರೆಶಿಬಿರದಲ್ಲಿ ತೀರಿಕೊಂಡರು. 1949ರಲ್ಲಿ ಕುಟುಂಬ ಅಮೆರಿಕಕ್ಕೆ ವಲಸೆ ಬಂತು. 1972ರಲ್ಲಿ ಐ.ಬಿ.ಎಂ. ಸೇರಿ ಯಂತ್ರಕ್ಕೆ ಮಾತನ್ನು ಗ್ರಹಿಸಲು ಕಲಿಸುವ ತಂಡವನ್ನು ಅವರು ನಡೆಸಿದರು. ಉಳಿದವರೆಲ್ಲ ಯಂತ್ರಕ್ಕೆ ವ್ಯಾಕರಣದ ಸೂತ್ರಗಳನ್ನು ಕಲಿಸಲು ಹೊರಟಿದ್ದಾಗ, ಜೆಲಿನೆಕ್ ಅವರ ತಂಡ ಎಣಿಕೆಯ ದಾರಿ ಹಿಡಿಯಿತು. 'ಗಾಡಿ ತಡವಾಗಿ' ಎಂದು ಯಾರಾದರೂ ಹೇಳಿದರೆ ಮುಂದಿನ ಪದ 'ಬಂತು' ಎಂದಿರುವ ಸಂಭವ ಹೆಚ್ಚು, 'ಹಣ್ಣಾಯಿತು' ಎಂದಿರುವ ಸಂಭವ ಕಡಿಮೆ. ಲಕ್ಷಾಂತರ ವಾಕ್ಯಗಳಲ್ಲಿ ಯಾವ ಪದದ ಹಿಂದೆ ಯಾವ ಪದ ಎಷ್ಟು ಸಲ ಬಂದಿದೆಯೆಂದು ಎಣಿಸಿಟ್ಟರೆ ಯಂತ್ರ ಸಂಭವವನ್ನು ಲೆಕ್ಕ ಹಾಕಿ ಊಹಿಸಬಲ್ಲದು. ಹೊಲೆರಿತ್ ಜನರನ್ನು ಎಣಿಸಿದ. ಇವರು ಪದಗಳನ್ನು ಎಣಿಸಿದರು.

ಎಣಿಸಲು ಸಾಮಗ್ರಿ ಬೇಕಷ್ಟೆ. ಭಾಷಾಂತರಕ್ಕಾದರೆ ಒಂದೇ ವಿಷಯ ಎರಡು ಭಾಷೆಗಳಲ್ಲಿ ಸಾಲು ಸಾಲಾಗಿ ಬೇಕು. ಅದು ಸಿಕ್ಕಿದ್ದು ಕೆನಡಾ ದೇಶದ ಸಂಸತ್ತಿನಲ್ಲಿ. ಅಲ್ಲಿ ಪ್ರತಿಯೊಂದು ಭಾಷಣವನ್ನೂ ಕಾನೂನಿನಂತೆ ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲಿಯೂ ದಾಖಲೆ ಮಾಡಿಡುತ್ತಾರೆ. ಆ ನಡಾವಳಿಯ ಟೇಪುಗಳನ್ನು ಯಂತ್ರಕ್ಕೆ ಉಣಿಸಿ, ಯಾವ ಇಂಗ್ಲಿಷ್ ಪದಕ್ಕೆ ಯಾವ ಫ್ರೆಂಚ್ ಪದ ಜೋಡಿಯಾಗಿ ಬರುತ್ತದೆಂದು ಎಣಿಸಿ, ಯಾರ್ಕ್‌ಟೌನಿನ ತಂಡ ಯಂತ್ರಾನುವಾದದ ಹೊಸ ದಾರಿಯನ್ನು ತೆರೆಯಿತು. 1990ರಲ್ಲಿಯೂ 1993ರಲ್ಲಿಯೂ ಅವರ ಮುಖ್ಯ ಪ್ರಬಂಧಗಳು ಪ್ರಕಟವಾದವು. ಇಂದಿನ ಯಂತ್ರಾನುವಾದಕ್ಕೆ ಅದು ತಾಯಿಬೇರು. ಆ ಬೇರಿಗೆ ನೀರೆರೆದವರು ಯಾರು? ದಿನದಿನವೂ ನಡಾವಳಿ ಬರೆದ, ಅನುವಾದಿಸಿದ, ಹೆಸರಿಲ್ಲದ ಕಛೇರಿ ಸಿಬ್ಬಂದಿ. ನಾಳೆ ಯಾವ ಪ್ರಯೋಗಶಾಲೆ ಇದನ್ನು ಓದುತ್ತದೆಂದು ಎಣಿಸಿ ಅವರು ಬರೆದದ್ದಲ್ಲ. ತಮ್ಮ ಭಾಷೆಗೆ ಸಮಾನ ಸ್ಥಾನ ಸಿಗಬೇಕೆಂಬ ಹಟದಿಂದ ಆ ಜನ ಪಡೆದ ಕಾನೂನಿನ ಫಲ ಅದು.

ಇತ್ತ ನಮ್ಮ ದೇಶದ ಕಥೆ. ಐ.ಬಿ.ಎಂ. ಭಾರತಕ್ಕೆ ಬಳಸಿದ 1401 ಯಂತ್ರಗಳನ್ನು ತರಿಸಿ ಮುಂಬಯಿಯಲ್ಲಿ ದುರಸ್ತಿ ಮಾಡಿ ಬಾಡಿಗೆಗೆ ಕೊಡುತ್ತಿದೆ, ಹೊಸ ವಿದ್ಯೆಯನ್ನು ಕೊಡುತ್ತಿಲ್ಲ ಎಂಬ ಟೀಕೆ ಬಲವಾಗಿತ್ತು. 1973ರ ವಿದೇಶಿ ವಿನಿಮಯ ಕಾಯಿದೆಯಂತೆ ವಿದೇಶಿ ಪಾಲನ್ನು ತಗ್ಗಿಸಲು ಒಪ್ಪದೆ ಕಂಪನಿ 1978ರಲ್ಲಿ ದೇಶ ಬಿಟ್ಟಿತು. ಅದು ಬಿಟ್ಟುಹೋದ ಯಂತ್ರಗಳ ಯೋಗಕ್ಷೇಮ ಸಿ.ಎಂ.ಸಿ. ಎಂಬ ಸರ್ಕಾರಿ ಸಂಸ್ಥೆಯ ಮೇಲೆ ಬಿತ್ತು. ಅನ್ಯರ ಯಂತ್ರವನ್ನು ದುರಸ್ತಿ ಮಾಡುತ್ತಾ ಮಾಡುತ್ತಾ ನಮ್ಮ ಎಂಜಿನಿಯರುಗಳು ಅದರ ಒಳಗುಟ್ಟನ್ನು ಕಲಿತರು. ಅದೇ ಸಿ.ಎಂ.ಸಿ. ರೈಲ್ವೆಗಾಗಿ ಸೀಟು ಕಾಯ್ದಿರಿಸುವ ವ್ಯವಸ್ಥೆಯನ್ನು ರೂಪಿಸಿತು. ದೆಹಲಿಯಲ್ಲಿ 1986ರ ಹೊತ್ತಿಗೆ ಆರಂಭವಾಗಿ ಮುಂದೆ ಮದ್ರಾಸಿಗೂ ಇತರ ನಗರಗಳಿಗೂ ಹಬ್ಬಿದ್ದು ಇದೇ. ರೈಲ್ವೆ ಮಾಹಿತಿ ವ್ಯವಸ್ಥೆಗಳ ಕೇಂದ್ರವಾದ ಕ್ರಿಸ್ ಹುಟ್ಟಿದ್ದೂ 1986ರಲ್ಲೇ. ಬೆಂಗಳೂರು ಮೈಲಿಗೆ ಒಂದು ಬರ್ತಿಗಾಗಿ ಬೆಳಗಿನ ಜಾವ ಸಾಲು ನಿಂತು, ದಪ್ಪ ರಿಜಿಸ್ಟರಿನ ಪುಟ ಮಗುಚುವುದನ್ನು ಕಿಟಕಿಯಿಂದ ಇಣುಕುತ್ತಿದ್ದ ಹಿರಿಯರಿಗೆ ಇದರ ಬೆಲೆ ಗೊತ್ತು. ಭಯಪಟ್ಟ ಗುಮಾಸ್ತರೇ ಆ ಯಂತ್ರದ ಮುಂದೆ ಕುಳಿತು ಅದನ್ನು ನಡೆಸಿದರು ಎಂಬುದನ್ನೂ ಮರೆಯಬಾರದು.

1992ರಲ್ಲಿ ಐ.ಬಿ.ಎಂ. ಟಾಟಾ ಸಂಸ್ಥೆಯ ಜೊತೆ ಸೇರಿ ಮರಳಿ ಬಂತು. ಆದರೆ ಅದೇ ಸಮಯದಲ್ಲಿ ಅಮೆರಿಕದಲ್ಲಿ ಅದರ ಸ್ಥಿತಿ ಕೆಟ್ಟಿತ್ತು. 1993ರಲ್ಲಿ ಸುಮಾರು 800 ಕೋಟಿ ಡಾಲರ್ ನಷ್ಟ. ಲಾಭವಿದ್ದಾಗ ಚಂದ್ರನ ಗತಿಯನ್ನೂ ಪರಮಾಣುವನ್ನೂ ನೋಡುತ್ತಿದ್ದ ಪ್ರಯೋಗಶಾಲೆಗಳ ಮೇಲೂ ಕತ್ತರಿ ಬಿತ್ತು. ಕಂಪನಿಯ ಸಂಶೋಧನೆಯು ಕಂಪನಿಯ ಜಾತಕವನ್ನೇ ಅನುಸರಿಸುತ್ತದೆ. ಆದರೂ ಹಟ ಬಿಡದೆ 1997ರ ಮೇ ತಿಂಗಳಲ್ಲಿ ಅದರ ಡೀಪ್ ಬ್ಲೂ ಯಂತ್ರ ಚದುರಂಗದಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿತು. 1998ರಲ್ಲಿ ದೆಹಲಿಯ ಐ.ಐ.ಟಿ. ಆವರಣದಲ್ಲಿ ಕಂಪನಿಯ ಭಾರತೀಯ ಸಂಶೋಧನಾಲಯ ಆರಂಭವಾಯಿತು. ಮುಂದೆ ಬೆಂಗಳೂರಿಗೂ ಅದು ಬಂತು. ಇತರ ಕಂಪನಿಗಳೂ ಹಿಂದುಳಿಯಲಿಲ್ಲ. 2005ರಲ್ಲಿ ಮೈಕ್ರೋಸಾಫ್ಟ್, 2019ರಲ್ಲಿ ಗೂಗಲ್ ತಮ್ಮ ಸಂಶೋಧನಾ ಕೇಂದ್ರಗಳನ್ನು ಬೆಂಗಳೂರಿನಲ್ಲಿ ತೆರೆದವು.

ಈಗ ದಾರದ ಇನ್ನೊಂದು ತುದಿ. ಐ.ಬಿ.ಎಂ. ಭಾರತೀಯ ಸಂಶೋಧನಾಲಯದಲ್ಲಿ ಕೆಲವು ವರ್ಷ ದುಡಿದ ಮಿತೇಶ್ ಖಾಪ್ರಾ ಎಂಬ ವಿದ್ವಾಂಸರು ಚೆನ್ನೈ ಐ.ಐ.ಟಿ.ಗೆ ಪ್ರಾಧ್ಯಾಪಕರಾಗಿ ಬಂದರು. ಅವರೂ ಅವರ ಸಂಗಡಿಗರೂ ಕಟ್ಟಿದ ಎಐ4ಭಾರತ್ ಎಂಬ ತಂಡ ಭಾರತೀಯ ಭಾಷೆಗಳಿಗಾಗಿಯೇ ದುಡಿಯುತ್ತದೆ. 2022ರಲ್ಲಿ ಅದಕ್ಕೆ 36 ಕೋಟಿ ರೂಪಾಯಿಗಳ ದತ್ತಿ ಕೊಟ್ಟವರು ನಮ್ಮ ಬೆಂಗಳೂರಿನ ನಂದನ್ ನೀಲೇಕಣಿ ಮತ್ತು ರೋಹಿಣಿ ನೀಲೇಕಣಿ ದಂಪತಿಗಳು. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳ ನಡುವೆ ಅನುವಾದ ಮಾಡುವ ವ್ಯವಸ್ಥೆಯನ್ನು ಈ ತಂಡ 2023ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಕನ್ನಡ ಅದರಲ್ಲೊಂದು. ಊರೂರುಗಳಲ್ಲಿ ಜನರ ಮಾತನ್ನು ಧ್ವನಿಮುದ್ರಿಸಿ ಕೂಡಿಡುವ ಕೆಲಸವೂ ನಡೆದಿದೆ. 1401ರ ಸರಪಳಿಯಲ್ಲಿ ಒಂದು ಅಚ್ಚೂ ಇಲ್ಲದಿದ್ದ ನಮ್ಮ ಲಿಪಿ 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಜಾಗ ಪಡೆಯಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮದಿಂದ ಕನ್ನಡವನ್ನು ಬೆರಳಚ್ಚು ಮಾಡುವುದು ಸುಲಭವಾಯಿತು. ಶಾಮಣ್ಣನವರು ಈಗ 'ಣ'ಕಾರ ಸಮೇತ ಶಾಮಣ್ಣನವರೇ.

ಆದರೆ ಲಿಪಿ ದಕ್ಕಿದರೆ ನುಡಿ ದಕ್ಕಿದಂತಲ್ಲ. ಎಣಿಕೆಯ ದಾರಿ ಹಿಡಿದ ಯಂತ್ರಕ್ಕೆ ತಾನು ಕಂಡದ್ದೇ ಲೋಕ. ಬರೆದಿಡದ್ದು, ಆಡಿ ಉಳಿಸದ್ದು ಅದಕ್ಕೆ ಇಲ್ಲವೇ ಇಲ್ಲ. ಪೆರಂಬೂರು, ಅಯನಾವರಂ, ವಿಲ್ಲಿವಾಕ್ಕಂ ಕಡೆಯ ನಮ್ಮ ಮನೆಗಳಲ್ಲಿ ಆಡುವ ಕನ್ನಡ ಒಂದಿದೆ. ತಮಿಳಿನ ಒಗ್ಗರಣೆ ಬಿದ್ದ, ಧಾರವಾಡದ ಗತ್ತೂ ಮೈಸೂರಿನ ನಯವೂ ಬೆರೆತ ಮಾತು ಅದು. ನಮ್ಮ ಮಕ್ಕಳಲ್ಲಿ ಅನೇಕರು ಅದನ್ನು ಆಡಬಲ್ಲರು, ಬರೆಯಲಾರರು. ಅಜ್ಜಿಯರು ಹೇಳುವ ಕಥೆ, ಕಾರ್ಖಾನೆಯ ಕೆಲಸಗಾರರ ವರ್ಕ್‌ಶಾಪ್ ಕನ್ನಡ, ಸಂಘದ ಹಳೆಯ ಸಂಚಿಕೆಗಳು, ನಡಾವಳಿ ಪುಸ್ತಕಗಳು, ಇವು ಯಾವ ಪ್ರಯೋಗಶಾಲೆಯ ಕಪಾಟಿನಲ್ಲೂ ಇಲ್ಲ. ಒಂದು ತಲೆಮಾರು ಕಳೆದರೆ ನಮ್ಮ ಅಟ್ಟದ ಮೇಲೂ ಇರುವುದಿಲ್ಲ.

ನಮ್ಮ ಕಛೇರಿಗಳಲ್ಲಿ ಮುಖ್ಯ ಆದೇಶಗಳು ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲೂ ಹೊರಡಬೇಕೆಂಬ ನಿಯಮ 1963ರ ರಾಜಭಾಷಾ ಕಾಯಿದೆಯಲ್ಲಿದೆ. ಕನ್ನಡಕ್ಕೆ ಅಂತಹ ಕಾವಲು ಕೇಂದ್ರ ಕಛೇರಿಗಳಲ್ಲಿ ಇಲ್ಲ. ಪರರಾಜ್ಯದಲ್ಲಿರುವ ನಮಗಂತೂ ಯಾವ ಕಾನೂನೂ ಬರೆಸುವುದಿಲ್ಲ, ನಾವೇ ಬರೆಯಬೇಕು. ಆದ್ದರಿಂದ ಸಂಘದ ಮುಂದೆ ಮೂರು ಸಣ್ಣ ಸಲಹೆಗಳನ್ನು ಇಡುತ್ತಿದ್ದೇವೆ. ಒಂದು, ಹಳೆಯ ಸಂಚಿಕೆಗಳನ್ನೂ ನಡಾವಳಿಗಳನ್ನೂ ಹುಡುಕಿ, ಛಾಯಾಚಿತ್ರ ತೆಗೆದು, ಅಕ್ಷರಕ್ಕಿಳಿಸಿ ಎಲ್ಲರಿಗೂ ಸಿಗುವಂತೆ ಇಡುವುದು. ಎರಡು, ಎಪ್ಪತ್ತು ದಾಟಿದ ನಮ್ಮ ಹಿರಿಯರ ಮನೆಗೆ ಹೋಗಿ ಅವರ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವುದು. ಮೂರು, ಯಾವುದೇ ಸಂಸ್ಥೆ ನಮ್ಮ ಧ್ವನಿ ಕೇಳಿ ಬಂದರೆ ಕೊಡುವುದು. ಆದರೆ ಯಾರಿಗೆ, ಯಾವುದಕ್ಕೆ, ಅದು ಎಲ್ಲರಿಗೂ ಮುಕ್ತವೋ ಒಬ್ಬರ ಸ್ವತ್ತೋ ಎಂದು ಮೊದಲು ಕೇಳುವುದು. ಇಲಾಕೋ ಹೌಸಿನ ಬಾಗಿಲಲ್ಲಿ ಕಾವಲು ನಿಂತವರು ಕೇಳಿದ ಪ್ರಶ್ನೆಯೇ ಇದು. ಯಂತ್ರಕ್ಕೆ ಬಾಗಿಲು ಹಾಕದೆಯೂ ಅದನ್ನು ಕೇಳಬಹುದು.

ರೈಲಿನಲ್ಲಿ ಟಿಕೆಟ್ ತಪಾಸಣೆಯವನು ಹಾಕಿದ ತೂತಿನಿಂದ ಈ ಕಥೆ ಹೊರಟಿತು. ಆ ತೂತು ಪ್ರಯಾಣಿಕನ ಗುರುತಾಗಿತ್ತು. ನಮ್ಮ ಗುರುತು ನಮ್ಮ ನುಡಿ. ಅದನ್ನು ನಾವೇ ಬರೆದುಕೊಟ್ಟರೆ ಮುಂದಿನ ಯಂತ್ರಗಳಾದರೂ ನಮ್ಮನ್ನು ಎಣಿಸುವುದರ ಜೊತೆಗೆ ನಮ್ಮ ಹೆಸರು ಹಿಡಿದು ಕರೆಯಲು ಕಲಿತಾವು. ಅಟ್ಟದ ಮೇಲಿರುವ ಹಳೆಯ ಸಂಚಿಕೆಗಳನ್ನು ವಾಚಕರು ಈ ಭಾನುವಾರವೇ ಕೆಳಗಿಳಿಸಿ ಧೂಳು ಒರೆಸಿದರೆ ನಮ್ಮ ಬರವಣಿಗೆ ಸಾರ್ಥಕ.